ಜೇನಿಗೆ ಹೇಳಿದ ಸುದ್ದಿ

೧೯೫೮ನೇ ಇಸವಿ ಜೂನ್ ೧೫, ಭಾನುವಾರ. ಬೆಳಗಿನ ಒಂಬತ್ತು ಗಂಟೆ ದಾಟಿತ್ತು. ಮಾರ್ಕೆಟ್ ಆಲ್ಡನ್ ಪಟ್ಟಣದ ಪೊಲೀಸ್ ಠಾಣೆಯ ಫೋನು ಹೊಡೆದುಕೊಂಡಾಗ ಇನ್ಸ್‌ಪೆಕ್ಟರ್ ಎಡ್ಗರ್ ಪ್ರೌಟ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದರು. ಭಾನುವಾರ ಪೊಲೀಸರಿಗೂ ಹೊಟ್ಟೆ ಇರುತ್ತದೆಂಬುದು ಯಾರಿಗೂ ಹೊಳೆಯುವುದಿಲ್ಲ.

ಆ ಕಡೆಯಿಂದ ಮಾತಾಡಿದವಳು ಹಾರ್ಲ್‌ಕೋಂಬ್ ಹಳ್ಳಿಯ ಅಂಚೆ ಕಚೇರಿ ನೋಡಿಕೊಳ್ಳುವ ಎನಿಡ್ ಪೆನ್ನಿ. ತಂದೆ ಅಮೋಸ್ ಪೆನ್ನಿ, ವಯಸ್ಸು ಎಪ್ಪತ್ತೊಂದು, ನಿನ್ನೆ ಸಂಜೆಯಿಂದ ಮನೆಗೆ ಬಂದಿಲ್ಲ ಎಂಬುದು ಆಕೆಯ ದೂರು.

"ಯಾರಾದ್ರೂ ಸ್ನೇಹಿತರ ಮನೇಲಿ ಮಲಗಿರಬಹುದಲ್ವಾ ಅಮ್ಮಾ?" ಪ್ರೌಟ್ ಕೇಳಿದರು.

"ಇವತ್ತು ಭಾನುವಾರ ಸಾಹೇಬ್ರೇ. ಚರ್ಚಿನ ಗಂಟೆ ತಂಡಕ್ಕೆ ನಮ್ಮಪ್ಪನೇ ಯಜಮಾನ. ಜ್ವರ ಬಂದಿದ್ರೂ ಹೋಗಿ ಹಗ್ಗ ಹಿಡಿಯೋ ಮನುಷ್ಯ. ಅವರು ಬರಲಿಲ್ಲ ಅಂದ್ರೆ ಏನೋ ಆಗಿದೆ ಅಂತಾನೇ ಅರ್ಥ. ಎದೆನೋವಿನ ಮಾತ್ರೆ ಬೇರೆ ಮನೇಲೇ ಬಿದ್ದಿದೆ."

ಪ್ರೌಟ್ ಬ್ರೆಡ್ಡನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಅವರೂ ಅಂಥದೇ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು. ರಾತ್ರಿ ಮಳೆ ಹೊಯ್ದಿತ್ತು. ಎದೆಬೇನೆಯ ಮುದುಕ ಎಲ್ಲೋ ಬಯಲಲ್ಲಿ ಬಿದ್ದಿದ್ದರೆ ಕಳೆಯುವ ಒಂದೊಂದು ಗಂಟೆಯೂ ಅವನ ಆಯುಸ್ಸಿನಿಂದಲೇ ಕಳೆಯುತ್ತದೆ. ದೂರನ್ನು ದಾಖಲಿಸಿ, ಕಾನ್‌ಸ್ಟೇಬಲ್ ಮಾಲ್ಕಮ್ ಡಾಸ್‌ನನ್ನು ಕರೆದುಕೊಂಡು ಜೀಪು ಹತ್ತಿದರು. ಡಾಸ್ ಲಂಡನ್ನಿನಿಂದ ವರ್ಗವಾಗಿ ಬಂದ ಹುಡುಗು ಬುದ್ಧಿಯವನು. ಹಳ್ಳಿಯೆಂದರೆ ಅವನಿಗೆ ಸಗಣಿ ಮತ್ತು ಬೇಸರ, ಅಷ್ಟೇ.

ಹಾರ್ಲ್‌ಕೋಂಬ್ ಎಂದರೆ ಒಂದು ಚರ್ಚು, ಒಂದು ಪಬ್ಬು, ಹೊಳೆಯ ದಂಡೆಗೆ ಹಳೇ ಹಿಟ್ಟಿನ ಗಿರಣಿ, ಮೂವತ್ತು ನಲವತ್ತು ಮನೆ. ಊರ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಹುಲ್ಲು ಕೆತ್ತಿ, ಅಡಿಯ ಸುಣ್ಣಕಲ್ಲು ಕಾಣುವಂತೆ ಬಿಡಿಸಿದ ದೊಡ್ಡ ಬಿಳಿ ಕುದುರೆಯ ಚಿತ್ರ. ವರ್ಷಕ್ಕೊಮ್ಮೆ ಊರವರೆಲ್ಲ ಸೇರಿ ಕಳೆ ಕಿತ್ತು, ಹೊಸ ಸುಣ್ಣಕಲ್ಲು ಹಾಕಿ ಬಡಿಯದಿದ್ದರೆ ಕುದುರೆಯನ್ನು ಹುಲ್ಲೇ ಮೇದುಬಿಡುತ್ತದೆ. ನಿನ್ನೆ ಶನಿವಾರ ಆ ಕೆಲಸವಿತ್ತು. ಅಮೋಸ್ ಕೊನೆಗೆ ಕಾಣಿಸಿದ್ದು ಆ ಗುಡ್ಡದ ಮೇಲೆ.

"ಅಪ್ಪ ಬರೋದು ತಡ ಆಗುತ್ತೆ ಅಂತ ನಾನು ಬಾಗಿಲು ಒರಗಿಸಿ ಮಲಗಿಬಿಟ್ಟೆ," ಎಂದಳು ಎನಿಡ್. ನಲವತ್ತು ದಾಟಿದ ಹೆಂಗಸು. ಅತ್ತಿರಲಿಲ್ಲ, ಆದರೆ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತಲೇ ಇದ್ದಳು. "ಕುದುರೆ ಕೆಲಸದ ದಿನ ಗಂಡಸರೆಲ್ಲ ಪಬ್ಬಿಗೆ ಹೋಗ್ತಾರೆ. ಬೆಳಗ್ಗೆ ನೋಡಿದ್ರೆ ಹಾಸಿಗೆ ಮಡಿಸಿದ ಹಾಗೇ ಇದೆ."

"ಆಮೇಲೆ ಯಾರನ್ನ ಕೇಳಿದ್ರಿ?"

"ಜೆತ್ರೊ ಮಾಮನ್ನ. ಜೆತ್ರೊ ವೀಲ್ ಅಂತ, ಮೊದಲು ಕುರಿ ಕಾಯ್ತಿದ್ರು. ಅಪ್ಪನಿಗೆ ಜೀವದ ಗೆಳೆಯ. ನಿಮ್ಮಪ್ಪ ಗಿರಣಿ ಕಡೆ ಹೊಳೆ ದಾರಿ ಹಿಡಿದು ಹೋದ ಅಂದ್ರು. ಅದಕ್ಕೇ ಎಲ್ಲರೂ ಅಲ್ಲೇ ಹುಡುಕ್ತಾ ಇದ್ದಾರೆ."

ಗಿರಣಿಯ ಮಡುವಿನಲ್ಲಿ ಊರವರು ಉದ್ದನೆಯ ಗಳ ಹಿಡಿದು ನೀರು ಕೆದಕುತ್ತಿದ್ದರು. ಮಳೆಗೆ ನೀರು ಕೆಂಪಾಗಿತ್ತು. ಪ್ರೌಟ್ ದಂಡೆಯುದ್ದಕ್ಕೂ ನಡೆದು ನೋಡಿದರು. ಕೆಸರಿನಲ್ಲಿ ಹುಡುಕುವವರ ಹೆಜ್ಜೆ ಬಿಟ್ಟರೆ ಬೇರೇನೂ ಇಲ್ಲ. ಟೋಪಿ ಇಲ್ಲ, ಕೋಲು ಇಲ್ಲ, ಜಾರಿದ ಗುರುತಿಲ್ಲ. ಅವರು ಅಲ್ಲಿ ನಿಂತಿರುವಾಗಲೇ ಚರ್ಚಿನ ಗೋಪುರದಿಂದ ಗಂಟೆಗಳು ಶುರುವಾದವು.

ಆ ಕಡೆಯ ಗಂಟೆ ಬಾರಿಸುವುದೆಂದರೆ ಸುಮ್ಮನೆ ಸದ್ದು ಮಾಡುವುದಲ್ಲ. ಒಂದೊಂದು ಗಂಟೆಗೆ ಒಬ್ಬೊಬ್ಬ. ಸಣ್ಣದರಿಂದ ದೊಡ್ಡದಕ್ಕೆ, ತನಗಿಂತ ಮೊದಲಿನವನ ಗಂಟೆ ಕೇಳಿಸಿಕೊಂಡು ತನ್ನದನ್ನು ಎಳೆಯಬೇಕು. ಇಂದು ಯಜಮಾನನಿಲ್ಲದೆ ಆರರಲ್ಲಿ ಐದೇ ಗಂಟೆ. ನಾಲ್ಕು ಒಪ್ಪವಾಗಿ ಬಿದ್ದವು. ಐದನೆಯದು, ಎಲ್ಲಕ್ಕಿಂತ ದೊಡ್ಡದು, ತಡವಾಗಿ ಬಿತ್ತು. ಮತ್ತೆ ತಡ. ಮತ್ತೆ ತಡ. ಪ್ರೌಟ್ ಮುಖ ಕಿವುಚಿದರು.

"ದೊಡ್ಡ ಗಂಟೆ ಯಾರದು?" ಗಳ ಹಿಡಿದವನೊಬ್ಬನನ್ನು ಕೇಳಿದರು.

"ಜೆತ್ರೊ ವೀಲ್‌ದು," ಎಂದ ಅವನು ಕಣ್ಣು ತಪ್ಪಿಸಿ. "ಪಾಪ, ವಯಸ್ಸಾಯ್ತಲ್ಲ ಸಾಹೇಬ್ರೇ."

ಇನ್ಸ್‌ಪೆಕ್ಟರ್ ಅಮೋಸ್‌ನ ಮನೆಗೆ ಮರಳಿ ಎನಿಡ್‌ಳೊಂದಿಗೆ ಒಂದೊಂದಾಗಿ ಕೋಣೆ ನೋಡಿದರು. ಡಾಸ್ ಹಿತ್ತಿಲಿಗೆ ಹೋದ. ಸ್ವಲ್ಪ ಹೊತ್ತಿಗೆ ಅವನ ದನಿ ಕೇಳಿಸಿತು.

"ಸಾರ್, ಇಲ್ಲಿ ಜೇನುಹುಳಕ್ಕೆಲ್ಲ ಟೈ ಕಟ್ಟಿದ್ದಾರೆ. ಭಾನುವಾರದ ಪ್ರಾರ್ಥನೆಗೆ ಹೊರಟಿರಬೇಕು."

ಹಿತ್ತಿಲ ಸೇಬಿನ ಮರಗಳ ಕೆಳಗೆ ಸಾಲಾಗಿ ಜೇನುಪೆಟ್ಟಿಗೆಗಳು. ಪ್ರತಿಯೊಂದಕ್ಕೂ ಕಪ್ಪು ಬಟ್ಟೆಯ ಪಟ್ಟಿ ಕಟ್ಟಿತ್ತು. ಮುಂದಿನ ಹಲಗೆಯ ಮೇಲೆ ಕೇಕಿನ ಚೂರು. ಕೇಕು ಮಳೆಯಲ್ಲಿ ನೆಂದಿರಲಿಲ್ಲ. ಮಳೆ ನಿಂತ ಮೇಲೆ, ಬೆಳಗಿನ ಜಾವ ಇಟ್ಟದ್ದು.

ಎನಿಡ್ ಒಮ್ಮೆ ನೋಡಿದಳು. ಹುಲ್ಲಿನ ಮೇಲೆ ಕುಳಿತುಬಿಟ್ಟಳು. ಅಲ್ಲಿಯವರೆಗೆ ಹಿಡಿದಿಟ್ಟ ಅಳು ಕಟ್ಟೆಯೊಡೆಯಿತು.

"ಏನು ಸಾರ್ ಇದು?" ಡಾಸ್‌ನ ನಗು ಅರ್ಧಕ್ಕೇ ನಿಂತಿತು.

"ಯಜಮಾನ ಸತ್ತರೆ ಮನೆಯ ಜೇನಿಗೆ ಹೋಗಿ ಹೇಳಬೇಕು," ಎಂದರು ಪ್ರೌಟ್. "ಬಾಗಿಲ ಕೀಲಿಕೈಯಿಂದ ಪೆಟ್ಟಿಗೆ ತಟ್ಟಿ, ನಿಮ್ಮ ಯಜಮಾನ ಹೋದ ಅಂತ ಹೇಳಿ, ಕಪ್ಪು ಕಟ್ಟಿ, ಅವಕ್ಕೂ ಒಂದು ಚೂರು ಕೇಕು ಇಡಬೇಕು. ಹೇಳದಿದ್ರೆ ಹುಳ ಸಾಯುತ್ತೆ, ಇಲ್ಲಾ ಗೂಡು ಬಿಟ್ಟು ಹೋಗುತ್ತೆ. ನಮ್ಮಜ್ಜ ತೀರಿಕೊಂಡಾಗ ಅಜ್ಜಿ ಹೆಣ ತೊಳೆಯೋಕೆ ಮುಂಚೆ ಜೇನಿನ ಹತ್ರ ಓಡಿದ್ಲು."

"ಅಂದ್ರೆ..."

"ಅಂದ್ರೆ ಊರೆಲ್ಲ ಹುಡುಕ್ತಾ ಇರೋವಾಗ, ಅಮೋಸ್ ಸತ್ತಿದ್ದಾನೆ ಅಂತ ಯಾರಿಗೋ ಬೆಳಗಿನ ಜಾವಕ್ಕೇ ಗೊತ್ತಿತ್ತು."

ಕೊಂದವನು ಮೈಮೇಲಿನ ರಕ್ತ ತೊಳೆದಾನು, ಸುಳ್ಳು ಹೇಳಿಯಾನು. ಆದರೆ ಆ ಮಣ್ಣಿನಲ್ಲಿ ಬೆಳೆದವನಿಗೆ ಜೇನಿಗೆ ಹೇಳದೆ ಇರಲಾಗುವುದಿಲ್ಲ. ಪ್ರೌಟ್ ಎನಿಡ್‌ಳ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಈ ಹುಳಗಳ ಹತ್ರ ಹೆದರದೆ ಬರಿಗೈಯಲ್ಲಿ ಬರೋರು ಯಾರಮ್ಮ?"

"ಅಪ್ಪನ್ನ ಬಿಟ್ರೆ ಜೆತ್ರೊ ಮಾಮ ಒಬ್ಬರೇ," ಎಂದಳು. "ಆದ್ರೆ ಅವರು ಅಲ್ಲ ಸಾಹೇಬ್ರೇ. ನನ್ನನ್ನ ಹೆಗಲ ಮೇಲೆ ಹೊತ್ತು ಬೆಳೆಸಿದೋರು."

ಪಟ್ಟಿಗಳನ್ನು ಬಿಚ್ಚಿ, ಇಬ್ಬರು ನೆರೆಯವರನ್ನು ಸಾಕ್ಷಿಗೆ ಕರೆದು ಡಾಸ್ ಮಹಜರು ಬರೆದ. ಈಗ ಅವನು ತಮಾಷೆ ಮಾಡಲಿಲ್ಲ.

ಗಂಟೆ ನಿಂತಿತ್ತು. ಗೋಪುರದ ಕಿರುಬಾಗಿಲಿನಿಂದ ಬಾರಿಸುವವರು ಇಳಿದು ಬರುತ್ತಿದ್ದರು. ಜೆತ್ರೊ ಎಲ್ಲರಿಗಿಂತ ಮೊದಲೇ ಇಳಿದು, ಪ್ರಾರ್ಥನೆಗೂ ನಿಲ್ಲದೆ ಮನೆಗೆ ಹೋದನಂತೆ. ಪ್ರೌಟ್ ತಡೆದದ್ದು ಡೆನ್ಸಿಲ್ ಕೂಪರ್ ಎಂಬವನನ್ನು. ಊರಿನ ಕಮ್ಮಾರ, ಮೂವತ್ತರ ಗಟ್ಟಿಗ.

"ನಿನ್ನೆ ಗುಡ್ಡದ ಮೇಲೆ ಅಮೋಸ್‌ಗೂ ಜೆತ್ರೊಗೂ ಏನು ನಡೀತು?"

"ಏನೂ ಇಲ್ಲ ಸಾರ್."

"ಏನೂ ಇಲ್ಲ ಅಂದ್ರೆ ಯಾಕೆ ಬೆವರ್ತಿದೀಯ? ಗಂಟೆ ಅಷ್ಟು ಭಾರಾನಾ?"

ಡೆನ್ಸಿಲ್ ಗೋರಿಕಲ್ಲುಗಳ ಕಡೆ ನೋಡಿದ. "ಜೆತ್ರೊ ಮಾಮನಿಗೆ ಕಿವಿ ಸ್ವಲ್ಪ ಮಂದ ಸಾರ್. ಊರಿಗೆಲ್ಲ ಗೊತ್ತು, ಹೇಳೋಕೆ ಯಾರಿಗೂ ಧೈರ್ಯ ಇಲ್ಲ. ಮೊದಲಿನವರ ಗಂಟೆ ಕೇಳಿಸದೆ ವಾರ ವಾರನೂ ತಪ್ಪು ಹೊಡೀತಿದ್ರು. ಯಜಮಾನ ಅಲ್ವಾ, ಹೇಳೋ ಕರ್ಮ ಅಮೋಸ್ ಮಾಮನ ತಲೆಗೆ ಬಂತು. ನಿನ್ನೆ ಕೆಲಸ ಮುಗಿದ ಮೇಲೆ ಇಬ್ಬರೂ ಮೇಲೆ ಕುದುರೆ ತಲೆ ಹತ್ರ ಕೂತಿದ್ರು. ನಾವು ಕೆಳಗೆ ಬಾಲದ ಹತ್ರ ಸಾಮಾನು ಕಟ್ತಿದ್ವಿ. ಅಮೋಸ್ ಮಾಮ ಕೂಗಿದ್ದು ಕೇಳಿಸ್ತು. ನಾಳೆಯಿಂದ ನಿನ್ನ ಹಗ್ಗ ಡೆನ್ಸಿಲ್‌ಗೆ, ನಿನಗೆ ಕಿವಿ ಇಲ್ಲ ಕಣೋ, ಅಂತ."

"ಆಮೇಲೆ?"

"ನಾವು ನಕ್ಕುಬಿಟ್ವಿ ಸಾರ್." ಅವನ ದನಿ ಇಳಿಯಿತು. "ಕೆಟ್ಟ ಉದ್ದೇಶಕ್ಕಲ್ಲ. ನಗು ಬಂತು. ನಕ್ಕೊಂಡು ಪಬ್ಬಿಗೆ ಹೋದ್ವಿ."

"ಹಾಗಿದ್ರೆ ಇವತ್ತು ಹಗ್ಗ ಅವನ ಕೈಯಲ್ಲೇ ಯಾಕಿತ್ತು?"

"ನಾವು ಬರೋ ಹೊತ್ತಿಗೆ ಹಗ್ಗ ಹಿಡ್ಕೊಂಡು ನಿಂತಿದ್ರು ಸಾರ್. ಯಾರು ಬಿಡಿಸ್ತಾರೆ?"

"ಇಬ್ಬರೂ ಹೊಳೆ ಕಡೆ ಬಂದದ್ದು ಕಂಡಿರಾ?"

"ಇಲ್ಲ ಸಾರ್. ಹೊಳೆಗೆ ಹೋಗಬೇಕಾದ್ರೆ ಪಬ್ಬಿನ ಮುಂದೇನೇ ಹಾಯಬೇಕು. ನಾವು ಬೆಂಚಿನ ಮೇಲೇ ಕೂತಿದ್ವಿ."

ಇದನ್ನು ಬೆಳಗ್ಗೆಯೇ ಹೇಳಿದ್ದರೆ ಊರು ಮಡುವಿನ ನೀರು ಕಡೆಯುತ್ತ ಕೂರುತ್ತಿರಲಿಲ್ಲ. ಆದರೆ ತಾವು ನಕ್ಕದ್ದನ್ನು ಹೇಳಬೇಕಾಗುತ್ತಿತ್ತಲ್ಲ. ತನ್ನ ಬುಡಕ್ಕೆ ಬಂದಾಗ ಊರಿಗೆ ಊರೇ ಮೂಗ. ಪ್ರೌಟ್‌ಗೆ ಸಿಟ್ಟು ಬಂತು, ನುಂಗಿಕೊಂಡರು. ಡೆನ್ಸಿಲ್‌ಗೂ ಅವನ ಜೊತೆಯವರಿಗೂ ಹಗ್ಗ, ಏಣಿ ತೆಗೆದುಕೊಂಡು ಗುಡ್ಡದ ಬುಡದಲ್ಲಿ ಕಾಯಲು ಹೇಳಿದರು.

ಜೆತ್ರೊ ವೀಲ್‌ನ ಮನೆ ಊರ ಕೊನೆಗೆ. ರೇಡಿಯೋದ ಸದ್ದು ರಸ್ತೆಗೇ ಕೇಳಿಸುತ್ತಿತ್ತು. ಬಾಗಿಲು ತಟ್ಟಿದರೆ ಉತ್ತರವಿಲ್ಲ. ಒಳಗೆ ಹೋದರು. ಎಲುಬು ಹಂದರದ, ಎತ್ತರದ ಮುದುಕ ಭಾನುವಾರದ ಕೋಟಿನಲ್ಲೇ ಒಲೆಯ ಮುಂದೆ ನಿಂತಿದ್ದ. ಎದುರಿಗೆ ಬಂದ ಮೇಲೆಯೇ ಅವನಿಗೆ ಜನ ಬಂದದ್ದು ತಿಳಿದದ್ದು. ರೇಡಿಯೋ ಆರಿಸಿ, ಕೂರಲು ಹೇಳಿ, ಚಹಾ ಬೆರೆಸಲು ಬೆನ್ನು ತಿರುಗಿಸಿದ.

ಕಿವಿ ಸ್ವಲ್ಪ ಮಂದ ಎಂದಿದ್ದ ಡೆನ್ಸಿಲ್. ಎಷ್ಟು ಮಂದ ಎಂಬುದು ಪ್ರೌಟ್‌ಗೆ ಬೇಕಿತ್ತು. ಅವರು ಕೂತಲ್ಲಿಂದಲೇ, ಪಕ್ಕದವರೊಡನೆ ಆಡುವ ದನಿಯಲ್ಲಿ ಹೇಳಿದರು:

"ಜೆತ್ರೊ ವೀಲ್, ಅಮೋಸ್ ಪೆನ್ನಿ ವಿಷಯದಲ್ಲಿ ನಿಮ್ಮನ್ನ ಬಂಧಿಸೋಕೆ ಬಂದಿದೀನಿ."

ಡಾಸ್ ಬೆಚ್ಚಿ ಇನ್ಸ್‌ಪೆಕ್ಟರರ ಮುಖ ನೋಡಿದ. ಮುದುಕ ಚಹಾದ ಎಲೆಗಳನ್ನು ಚಮಚದಲ್ಲಿ ಅಳೆಯುತ್ತಲೇ ಇದ್ದ. ಪ್ರೌಟ್ ದನಿಯೇರಿಸಿ ಅದನ್ನೇ ಇನ್ನೊಮ್ಮೆ ಹೇಳಿದರು. ಮುದುಕನ ಚಮಚ ನಿಲ್ಲಲಿಲ್ಲ. ತಿರುಗಿ ಬಂದು, "ಸಕ್ಕರೆ ಹಾಕ್ಲಾ ಸಾಹೇಬ್ರೇ?" ಎಂದ.

ಮಂದವಲ್ಲ, ಹೆಚ್ಚುಕಡಿಮೆ ಪೂರಾ ಹೋಗಿತ್ತು. ಪ್ರೌಟ್ ಎದ್ದು ಕಿಟಕಿಯ ಬೆಳಕು ತಮ್ಮ ಮುಖದ ಮೇಲೆ ಬೀಳುವಂತೆ ನಿಂತರು. ಜೆತ್ರೊನ ಕಣ್ಣು ಅವರ ತುಟಿಗೆ ಅಂಟಿಕೊಂಡಿತು.

"ಬೆಳಗ್ಗೆ ಜೇನಿನ ಹತ್ರ ಹೋಗಿದ್ರಾ?"

ಜೆತ್ರೊ ಚಮಚವನ್ನು ಮೇಜಿನ ಮೇಲಿಟ್ಟ.

"ಕಪ್ಪು ಕಟ್ಟಿದ್ದು ನೀವೇನಾ?"

"ಅವು ಏನು ತಪ್ಪು ಮಾಡಿದ್ವು ಸಾಹೇಬ್ರೇ?" ಎಂದ ಮುದುಕ. "ಯಜಮಾನನೂ ಹೋಗಿ, ಅವೂ ಸಾಯಬೇಕಾ?"

"ಅಮೋಸ್ ಎಲ್ಲಿ?"

ಜೆತ್ರೊ ಕುರ್ಚಿಯಲ್ಲಿ ಕುಸಿದ. "ಸುಣ್ಣಕಲ್ಲು ತೆಗೀತಿದ್ದ ಹಳೇ ಗುಂಡಿ. ಗುಡ್ಡದ ಆ ಕಡೆ. ನಾನು ಎದ್ದು ಆ ಕಡೆ ನಡೆದೆ, ಹಿಂದೇನೇ ಬಂದು ನನ್ನ ತೋಳು ಹಿಡ್ಕೊಂಡ, ಸಮಾಧಾನ ಮಾಡೋಕೆ. ಬಿಡು ಅಂತ ತಳ್ಳಿದೆ. ಮುಳ್ಳುಕಂಟಿ ಹಿಂದೆ ಗುಂಡಿ ಬಾಯಿ ಇರೋದು ನೆನಪಿಗೇ ಬರಲಿಲ್ಲ."

"ಹೊಳೆ ಕಡೆ ಹೋದ ಅಂತ ಸುಳ್ಳು ಯಾಕೆ ಹೇಳಿದ್ರಿ?"

"ಇವತ್ತೊಂದು ಭಾನುವಾರ ಬಾರಿಸಿಬಿಡೋಣ ಅಂತ. ಆಮೇಲೆ ನಾನೇ ಬಂದು ಹೇಳ್ತಿದ್ದೆ. ಕೋಟು ಬಿಚ್ಚಿಲ್ಲ ನೋಡಿ."

"ಕೆಳಗೆ ಇಳಿದು ನೋಡಿದ್ರಾ?"

"ಹೆಂಗೆ ಇಳೀಲಿ ಈ ಮಂಡಿ ಇಟ್ಕೊಂಡು? ಕತ್ತಲೆ ಬೇರೆ ಆ ಗುಂಡಿ."

"ಹಾಗಾದ್ರೆ ಸತ್ತಿದ್ದಾನೆ ಅಂತ ಹೇಗೆ ಗೊತ್ತಾಯ್ತು?"

"ಕೂಗಿದೆ ಸಾಹೇಬ್ರೇ. ಗಂಟಲು ಹರಿದುಹೋಗೋ ಹಂಗೆ ಕೂಗಿದೆ. ಒಂದು ಸಲನೂ ಉತ್ತರ ಕೊಡಲಿಲ್ಲ."

ಪ್ರೌಟ್‌ರ ಕೈಯಲ್ಲಿದ್ದ ಟೋಪಿ ತಲೆಗೇರುವ ಮೊದಲೇ ಕಾಲು ಬಾಗಿಲು ದಾಟಿತ್ತು.

"ಡಾಸ್, ಜೀಪು. ಇವರನ್ನೂ ಹತ್ತಿಸು. ಆಂಬುಲೆನ್ಸಿಗೆ ಹೇಳು. ಓಡು."

"ಹೆಣ ಎತ್ತೋಕೆ ಇಷ್ಟು ಅವಸರ ಯಾಕೆ ಸಾರ್?"

"ಈ ಮನುಷ್ಯನಿಗೆ ಉತ್ತರ ಕೇಳಿಸಲಿಲ್ಲ ಅಷ್ಟೇ ಕಣೋ. ಉತ್ತರ ಬರಲಿಲ್ಲ ಅಂತ ಯಾರು ಹೇಳಿದ್ರು?"

ಜೀಪು ಗುಡ್ಡದ ಅರ್ಧದವರೆಗೆ ಏರಿ ಒದ್ದೆ ಹುಲ್ಲಿನಲ್ಲಿ ಜಾರತೊಡಗಿತು. ಮುಂದೆ ಕಾಲೇ ಗತಿ. ಬಿಳಿ ಕುದುರೆಯ ಬೆನ್ನಿನ ಮೇಲೇ ಹತ್ತಿದರು. ಊರಲ್ಲಿ ಯಾರೂ ಹಾಗೆ ಅದನ್ನು ತುಳಿಯುವುದಿಲ್ಲ. ಅಂದು ಯಾರೂ ಬೇಡವೆನ್ನಲಿಲ್ಲ. ಡೆನ್ಸಿಲ್ ಏಣಿ ಹೊತ್ತು ಎಲ್ಲರಿಗಿಂತ ಮುಂದಿದ್ದ. ತುದಿ ದಾಟಿದರೆ ಆ ಕಡೆ ಕುರಿ ಬಿಟ್ಟರೆ ಯಾರೂ ಸುಳಿಯದ ಬಯಲು, ಅದರಂಚಿಗೆ ಮುಳ್ಳುಕಂಟಿಯ ಪೊದೆ. ಪೊದೆಯಲ್ಲಿ ಒಂದು ಕಡೆ ರೆಂಬೆಗಳು ಹೊಸದಾಗಿ ಮುರಿದಿದ್ದವು.

ಪ್ರೌಟ್ ಬೋರಲು ಮಲಗಿ ಅಂಚಿನಿಂದ ತಲೆ ಚಾಚಿದರು. ಕೆಳಗೆ ಸುಣ್ಣದ ಗೋಡೆ, ಆಮೇಲೆ ಕಂಟಿ, ಆಮೇಲೆ ಏನೂ ಕಾಣದ ಕಪ್ಪು.

"ಅಮೋಸ್ ಪೆನ್ನಿ!"

ಗಾಳಿ. ಎಲ್ಲೋ ಒಂದು ಕುರಿ ಕೆಮ್ಮಿತು. ಹಿಂದೆ ನಿಂತವರು ಕಿವಿಗೊಟ್ಟಿದ್ದರು. ಜೆತ್ರೊ ಮಾತ್ರ ಒಬ್ಬೊಬ್ಬರ ಮುಖವನ್ನೂ ಓದುತ್ತಿದ್ದ.

"ಅಮೋಸ್!"

ಗುಂಡಿಯ ತಳದಿಂದ, ಒಣಗಿದ ಗಂಟಲಿನಿಂದ, ಒಂದು ಸಣ್ಣ "ಓ" ಬಂತು.

ಡೆನ್ಸಿಲ್ ಏಣಿ ಬಿಟ್ಟು ಅತ್ತುಬಿಟ್ಟ. ಅವನ ಮುಖ ನೋಡಿ ಜೆತ್ರೊಗೆ ಬೇರೆ ಅರ್ಥವಾಯಿತು. ಟೋಪಿ ತೆಗೆದು ಎದೆಗೆ ಹಿಡಿದ. ಅವನಿಗೆ ಹೇಳಲು ಆ ಹೊತ್ತಿನಲ್ಲಿ ಯಾರಿಗೂ ಪುರಸೊತ್ತಿರಲಿಲ್ಲ. ಡಾಸ್ ಅವನನ್ನು ಜೀಪಿಗೆ ಕರೆದೊಯ್ದ.

ಅಮೋಸ್‌ನನ್ನು ಮೇಲೆತ್ತುವಷ್ಟರಲ್ಲಿ ಮಧ್ಯಾಹ್ನ ದಾಟಿತು. ತೊಡೆ ಮುರಿದಿತ್ತು, ಮೈ ಮಂಜಿನಂತೆ ತಣ್ಣಗಿತ್ತು. ಇನ್ನೊಂದು ರಾತ್ರಿ ಕಳೆದಿದ್ದರೆ ಉಳಿಯುತ್ತಿರಲಿಲ್ಲ ಎಂದರು ವೈದ್ಯರು. ಸ್ಟ್ರೆಚರಿನ ಮೇಲೆ, ಎನಿಡ್ ಮಾತ್ರೆಯನ್ನು ನಾಲಿಗೆಯಡಿ ಇಟ್ಟ ಮೇಲೆ, ಅವನು ಪ್ರೌಟ್‌ರ ತೋಳು ಹಿಡಿದುಕೊಂಡ.

"ಜೆತ್ರೊ ಎಲ್ಲಿ?"

"ಠಾಣೆಗೆ ಹೋಗಿದ್ದಾರೆ."

"ನಾನು ಪ್ರತಿ ಸಲನೂ ಓಗೊಟ್ಟೆ ಸಾಹೇಬ್ರೇ," ಎಂದ ಅಮೋಸ್. "ಇಲ್ಲೇ ಇದೀನಿ ಕಣೋ, ಕಾಲು ಮುರಿದಿದೆ, ಯಾರನ್ನಾದ್ರೂ ಕರ್ಕೊಂಡು ಬಾ ಅಂದೆ. ಅವನು ಕೂಗ್ತಾನೇ ಇದ್ದ. ಆಮೇಲೆ ಅಳೋದು ಕೇಳಿಸ್ತು. ತುಂಬ ಹೊತ್ತು ಅತ್ತ. ಆಮೇಲೆ ಎದ್ದು ಹೋದ."

ಸಂಜೆ ನಾಲ್ಕು ಗಂಟೆಗೆ ಮಾರ್ಕೆಟ್ ಆಲ್ಡನ್ ಠಾಣೆಯಲ್ಲಿ ಜೆತ್ರೊ ವೀಲ್‌ನ ಬಂಧನ ದಾಖಲಾಯಿತು. ತೀವ್ರ ಗಾಯ ಮಾಡಿದ್ದು, ಸುಳ್ಳು ಹೇಳಿ ಹುಡುಕುವವರ ದಾರಿ ತಪ್ಪಿಸಿದ್ದು. ಹೇಳಿಕೆ ಬರೆದುಕೊಳ್ಳಲು ಡಾಸ್ ಕೂತಿದ್ದ, ಬಾಗಿಲ ಬಳಿ ಇನ್ನಿಬ್ಬರು ಕಾನ್‌ಸ್ಟೇಬಲ್‌ಗಳು. ಅಮೋಸ್ ಬದುಕಿದ್ದಾನೆಂದು ಪ್ರೌಟ್ ಎದುರು ಕೂತು ನಿಧಾನವಾಗಿ ಹೇಳಿದಾಗ ಮುದುಕ ಮೇಜಿಗೆ ಹಣೆ ಹಚ್ಚಿದ. ತಲೆಯೆತ್ತಿದಾಗ ಕೇಳದೆಯೇ ಮಾತಾಡತೊಡಗಿದ.

"ಮೊದಲ ಸಲ ಮೆತ್ತಗೇ ಹೇಳಿದ ಸಾಹೇಬ್ರೇ, ಒಳ್ಳೇನು ಅವನು. ನಂಗೆ ಕೇಳಿಸ್ಲಿಲ್ಲ. ಏನಂದೆ ಅಂದೆ. ಇನ್ನೊಂದು ಸಲ ಹೇಳಿದ. ಅದೂ ಕೇಳಿಸ್ಲಿಲ್ಲ. ಆಮೇಲೆ ಕಿವಿಗೇ ಬಾಯಿ ಇಟ್ಟು ಕೂಗಿ ಹೇಳಿದ. ಬೇರೆ ದಾರಿ ಇರಲಿಲ್ಲ ಅವನಿಗೆ. ನಂಗೂ ಕೇಳಿಸ್ತು, ಗುಡ್ಡಕ್ಕೂ ಕೇಳಿಸ್ತು. ಹುಡುಗರು ನಕ್ಕಿದ್ದು ನಂಗೆ ಕೇಳಿಸ್ಲಿಲ್ಲ. ಕಾಣಿಸ್ತು. ನಮ್ಮಪ್ಪ ಹಿಡಿದ ಹಗ್ಗ ಅದು. ನನ್ನ ಹೆಂಡ್ತಿ ಹೋದ ಮೇಲೆ ವಾರಕ್ಕೊಂದು ದಿನ ನಾನು ಮನುಷ್ಯರ ಜೊತೆ ಸೇರಿ ಮಾಡ್ತಿದ್ದ ಕೆಲಸ ಅದೊಂದೇ."

ಡಾಸ್‌ನ ಲೇಖನಿ ನಿಂತಿತು. ಹೊರಗೆ ಯಾರೋ ಸೈಕಲ್ಲು ಒರಗಿಸಿದ ಸದ್ದಾಯಿತು.

"ಒಂದು ಮಾತು ಕೇಳ್ಲಾ ಸಾಹೇಬ್ರೇ?" ಎಂದ ಜೆತ್ರೊ. "ನಾನು ಕೂಗಿದಾಗ ಅವನಿಗೆ ಪ್ರಜ್ಞೆ ಇರಲಿಲ್ಲ ಅಲ್ವಾ? ಅದಕ್ಕೇ ಸುಮ್ಮನಿದ್ದ ಅಲ್ವಾ?"

ಹೌದು ಎಂದುಬಿಟ್ಟರೆ ಮುಗಿಯುತ್ತಿತ್ತು. ಪ್ರೌಟ್‌ಗೆ ಹಾಗೆನ್ನುವ ಆಸೆಯೂ ಆಯಿತು. ಆದರೆ ನಾಳೆ ನ್ಯಾಯಾಲಯದಲ್ಲಿ ಅಮೋಸ್‌ನ ಹೇಳಿಕೆಯನ್ನು ಯಾರೋ ಗುಮಾಸ್ತ ತುಂಬಿದ ಸಭೆಯಲ್ಲಿ ಗಟ್ಟಿಯಾಗಿ ಓದುತ್ತಾನೆ. ಇವನಿಗೆ ಕೇಳಿಸಲಿಲ್ಲವೆಂದು ಮತ್ತೂ ಗಟ್ಟಿಯಾಗಿ ಓದುತ್ತಾನೆ. ಅವರು ಕುರ್ಚಿಯನ್ನು ಮುಂದಕ್ಕೆಳೆದು, ದೀಪವನ್ನು ತಮ್ಮ ಮುಖಕ್ಕೆ ತಿರುಗಿಸಿಕೊಂಡರು. ಆಮೇಲೆ ದನಿಯೇ ಇಲ್ಲದೆ, ಬರೀ ತುಟಿಯಲ್ಲಿ, ಅಮೋಸ್ ಅಂದದ್ದನ್ನು ಒಂದಕ್ಷರ ಬಿಡದೆ ಹೇಳಿದರು. ಬಾಗಿಲ ಬಳಿ ನಿಂತವರಿಗೆ ಏನೂ ಕೇಳಿಸಲಿಲ್ಲ. ಮಗ್ಗುಲಲ್ಲಿದ್ದ ಡಾಸ್‌ಗೂ ಕೇಳಿಸಲಿಲ್ಲ.

ಜೆತ್ರೊ ಆ ತುಟಿಗಳನ್ನು ಕೊನೆಯವರೆಗೂ ನೋಡಿದ. ಇನ್ನೊಂದು ಸಲ ಹೇಳಿ ಎಂದು ಕೇಳಲಿಲ್ಲ.